ಮಗ್ಗದ ಮೇಲಿನ ಫೋನಿನಲ್ಲಿ ನೀವು ಹೇಳಿದ್ದು

ಡಾಕ್ಟರ್ ಓದುತ್ತಿರುವ ರವಿಕಿರಣ್ ಅವರಿಗೆ,

ಬಾವ ಎಂದು ಬರೆಯಲು ಕೈ ಬರಲಿಲ್ಲ. ಎದುರಿಗೆ ನಿಂತರೆ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಈ ಕಾಗದ.

ಹೋದ ವಾರ ತಂಗಿ ಶಿಲ್ಪ ಶಾಲೆಯಿಂದ ಬಂದು, ಹದಿನಾಲ್ಕರ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕುತ್ತಾರಂತೆ, ಗರ್ಭಕಂಠದ ಕ್ಯಾನ್ಸರ್ ತಡೆಯುತ್ತದಂತೆ ಎಂದಳು. ಆ ಕ್ಯಾನ್ಸರ್ ಎಂಥದೆಂದು ನಮ್ಮ ಮನೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ದಾವಣಗೆರೆಯಲ್ಲಿ ಅದಕ್ಕೇ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿಕೊಂಡು ಬಂದ ಅವ್ವ ಇನ್ನೂ ನೆಟ್ಟಗೆ ಕೂರಲಾರಳು. ಆದರೂ ಅಪ್ಪ, "ನಮ್ ಡಾಕ್ಟ್ರನ್ನ ಒಂದ್ಮಾತು ಕೇಳಾಣ" ಎಂದ. ನಿಮಗೆ ಕರೆ ಮಾಡಿ, ನೇಯುವ ಕೈ ನಿಲ್ಲಬಾರದೆಂದು ಎಂದಿನಂತೆ ಫೋನನ್ನು ಮಗ್ಗದ ಮೇಲಿಟ್ಟು ಸ್ಪೀಕರ್ ಹಾಕಿದ. ರೇಷ್ಮೆ ಸುತ್ತಲು ಬಂದಿದ್ದ ಪಕ್ಕದ ಮನೆಯ ಬೋರಕ್ಕನೂ ಅಲ್ಲೇ ಇದ್ದಳು.

"ಅದೆಲ್ಲ ನಮ್ ಶಿಲ್ಪಂಗೆ ಯಾಕೆ ಮಾವ? ನಡತೆ ಸರಿ ಇಲ್ದೋರಿಗೆ ಬರೋ ಕಾಯ್ಲೆ ಅದು" ಎಂದಿರಿ. ಎಷ್ಟು ಸಲೀಸಾಗಿ!

ಲಾಳಿ ನಿಂತಿತು. ಬೋರಕ್ಕ ಅವ್ವನ ಮುಖ ನೋಡಿ, "ಏನೇ ಚಿನ್ನಕ್ಕ, ನಿನ್ ಅಣ್ಣನ ಮಗನೇ ಹಿಂಗಂತಾನೆ!" ಎಂದು ನಕ್ಕಳು. ಅತ್ತೆಯ ಕಾಯಿಲೆ ಯಾವುದೆಂದು ನಿಮಗೆ ಹೊಳೆಯಲೇ ಇಲ್ಲವೆ? ನೋಡಲು ಬಂದಾಗ ರಿಪೋರ್ಟು ತಿರುವಿ ಹಾಕಿ, ದೊಡ್ಡವರಂತೆ ತಲೆಯಾಡಿಸಿ, ಎಳನೀರು ಕುಡಿದು ಹೋದವರಲ್ಲವೆ ನೀವು?

ಮರುದಿನದಿಂದ ಬೋರಕ್ಕ ಬರಲಿಲ್ಲ. ಲಸಿಕೆ ಬೇಡವೆಂದು ಅಪ್ಪ ಹಟ ಹಿಡಿದ. ಸರಿಯಾಗಿ ಓದಿ ನೋಡಿ ಎಂದು ನಿಮಗೆ ಮೆಸೇಜು ಹಾಕಿದೆ. ಬಂದ ಉತ್ತರ ನನಗೆ ಬಾಯಿಪಾಠವಾಗಿದೆ: "ಈಗ ನೋಡ್ದೆ ಲತಾ, ಹಾಕ್ಸೋದೇ ಸರಿ. ನಮ್ ಕ್ಲಾಸಲ್ಲಿ ಅರ್ಧ ಜನಕ್ಕೆ ಇದು ಗೊತ್ತಿಲ್ಲ. ಆದ್ರೆ ಮಾವನ ಮುಂದೆ ಮಾತು ಬದಲಿಸಿದ್ರೆ ನನ್ ಮರ್ಯಾದೆ ಏನಾಗ್ತದೆ?"

ನಿಮಗೆ ಗೊತ್ತಿರಲಿಲ್ಲವೆಂಬುದನ್ನು ಕ್ಷಮಿಸುತ್ತಿದ್ದೆ. ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡು ಕೂತಿರಲ್ಲ, ಅದನ್ನು ಕ್ಷಮಿಸಲಾರೆ.

ಇವತ್ತು ಲಸಿಕೆಯ ದಿನ. "ಬ್ಯಾಡ ಅಂದ್ಮೇಲೆ ಬ್ಯಾಡ. ಡಾಕ್ಟ್ರೇ ಅಂದವ್ನೆ" ಎಂದು ಅಪ್ಪ ಬಾಗಿಲಿಗೆ ಅಡ್ಡ ನಿಂತ. ಮಲಗಿದ್ದ ಅವ್ವ ಗೋಡೆ ಹಿಡಿದು ಎದ್ದಳು.

"ದಾವಣಗೆರೆ ಡಾಕ್ಟ್ರಮ್ಮ ನಮ್ಮಿಬ್ರನ್ನೂ ಕೂರಿಸ್ಕಂಡು ಏನಂದ್ಳು? ಮದುವೆಯಾದ ಯಾರಿಗಾದ್ರೂ ಬರ್ತೈತೆ, ಗಂಡನಿಂದ್ಲೂ ಬರ್ತೈತೆ ಅನ್ಲಿಲ್ವಾ? ಬೋರಕ್ಕನ್ನ ಕರೀಲಾ? ಅವಳ ಮುಂದೆ ಅದ್ನ ಹೇಳ್ತೀಯಾ?"

ಆ ಡಾಕ್ಟರಮ್ಮನಿಗಿಂತ ನಿಮ್ಮ ಮಾತೇ ಅಪ್ಪನಿಗೆ ಯಾಕೆ ಹಿತವಾಗಿತ್ತೆಂದು ಆಗ ನನಗೆ ಅರ್ಥವಾಯಿತು: ನಿಮ್ಮ ಮಾತಿನಲ್ಲಿ ಗಂಡನ ಪಾಲು ಇರಲಿಲ್ಲ. ಅವ್ವ ಅವನನ್ನು ಪಕ್ಕಕ್ಕೆ ಸರಿಸಿ, ಶಿಲ್ಪಳ ಕೈ ಹಿಡಿದು, ಅಂಗಡಿ ಕಟ್ಟೆಗಳ ಮೇಲೆ ಕೂತು ಕೂತು ಶಾಲೆಯವರೆಗೆ ನಡೆದಳು. ಸೂಜಿ ಚುಚ್ಚಿಸಿಯೇ ಕರೆದುಕೊಂಡು ಬಂದಳು.

ಅವ್ವ ನಿಮಗೊಂದು ಕೆಟ್ಟ ಮಾತೂ ಆಡಲಿಲ್ಲ. "ಹುಡ್ಗ, ಕಲೀತಾನೆ ಬಿಡು" ಎಂದಳು. ನಾನು ಬಿಡುವುದಿಲ್ಲ. ನೀವು ಇಲ್ಲಿಗೆ ಬಂದು, ಬೋರಕ್ಕನ ಎದುರಿಗೆ, ನಾನು ತಿಳಿಯದೆ ಆಡಿದೆ ಎಂದು ಅವ್ವನಿಗೆ ಹೇಳುವವರೆಗೆ ನನ್ನ ಕೈಯಿಂದ ನಿಮಗೆ ಒಂದು ಲೋಟ ನೀರೂ ಸಿಗದು.

ನೀವು ಡಾಕ್ಟರಾಗಿಯೇ ಆಗುತ್ತೀರಿ. ನಿಮ್ಮ ಮುಂದೆ ಬಂದು ಕೂರುವ ಹೆಂಗಸರನ್ನು ದೇವರು ಕಾಯಲಿ. ನಿಮಗೆ, ಗೊತ್ತಿಲ್ಲ ಎನ್ನುವ ಧೈರ್ಯ ಕೊಡಲಿ.

ಇಂತಿ,
ಚಿನ್ನಕ್ಕನ ಹಿರಿಮಗಳು ಪ್ರೇಮಲತಾ
ಮೊಳಕಾಲ್ಮೂರು