ಹದಿನೈದನೆಯ ದಿನ

ಬಾಗೂರು, 6ನೇ ನವೆಂಬರ್ 1906, ಮಂಗಳವಾರ

ಕಾಲವನ್ನು ಹೇಳುವ ಇಂಗ್ಲಿಷ್ ಪದಗಳ ಪಟ್ಟಿ ಅರವತ್ತೆರಡಕ್ಕೆ ಬಂತು. 'ಆಲ್ಟರ್ನೇಟ್ ಡೇಸ್' — ದಿನ ಬಿಟ್ಟು ದಿನ. 'ಸೆಲ್ಡಮ್' — ಅಪರೂಪಕ್ಕೆ. 'ಸಮ್‌ಟೈಮ್ಸ್'ಗಿಂತ ಎಷ್ಟು ಕಡಿಮೆ? ತಿಳಿಯದು. ಇಂಗ್ಲಿಷ್ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೂ ಊರಿಗೆ ಬರುವ ಸರ್ಕಾರಿ ಕಾಗದಗಳನ್ನು ಬಿಡಿಸಿ ಹೇಳುವವನು ನಾನೇ.

ಮಧ್ಯಾಹ್ನ ಕುರಿಹಟ್ಟಿಯ ಗಂಗಕ್ಕ ನೋಟೀಸು ತಂದಳು. ಗಂಡ ಸತ್ತ ಮೇಲೆ ಎಂಬತ್ತು ಕುರಿಗಳನ್ನು ಕಾಯುತ್ತಿರುವವಳು. ಹಟ್ಟಿಯವರು ಕುರಿ ಮೇಯಿಸುವ ಕಾವಲಿಗೆ ಸರ್ಕಾರ ಬೇಲಿ ಹಾಕುವುದಂತೆ. ತಾರೀಖು ನಿನ್ನೆಯದು. ತಕರಾರಿನ ಅರ್ಜಿ 'ವಿದಿನ್ ಎ ಫೋರ್ಟ್‌ನೈಟ್' ದುರ್ಗದ ಕಚೇರಿಗೆ ಮುಟ್ಟಬೇಕು.

"ಹಂಗಂದ್ರೆ ಎಷ್ಟು ದಿನ ಮೇಷ್ಟ್ರೇ?"

"ಹದಿನೈದು ದಿನ. ಇಪ್ಪತ್ತನೇ ತಾರೀಖಿನವರೆಗೆ ಐತೆ."

"ಹೊಸದುರ್ಗದ ವಕೀಲರನ್ನೂ ಒಂದು ಮಾತು ಕೇಳ್ಲಾ?"

"ಮೂವತ್ತು ವರ್ಷ ಲೆಕ್ಕ ಕಲಿಸಿದೋನು ಕಣಮ್ಮ ನಾನು."

ನಾಲಿಗೆ ಕಚ್ಚಿಕೊಂಡಳು.

14ನೇ, ಬುಧವಾರ

ಅರ್ಜಿಯ ಮೂರನೆಯ ಪ್ರತಿ. ಹಟ್ಟಿಯವರ ಹೆಬ್ಬೆಟ್ಟುಗಳು ಬೇರೆ ಹಾಳೆಯಲ್ಲಿ ಸಿದ್ಧ. ಎರಡನೆಯ ವಾಕ್ಯ ಮಾತ್ರ ಇನ್ನೂ ದುರ್ಬಲ. ನನ್ನಾಕೆ ದಾಕ್ಷಾಯಣಮ್ಮ ಒಳಗಿನಿಂದಲೇ: "ಅರ್ಜಿ ಬರೀತಿದೀರೋ, ಪುರಾಣನೋ? ಕೊಟ್ಟು ಕಳಿಸ್ರಿ ಪಾಪ." ಅವಸರದ ಬರಹ ನನ್ನಿಂದ ಆಗದು.

17ನೇ, ಶನಿವಾರ

ಗಂಗಕ್ಕ ಬುತ್ತಿ ಕಟ್ಟಿಕೊಂಡೇ ಬಂದಳು. "ಇವತ್ತೇ ಹೊಂಡ್ತೀನಿ." ಕೊನೆಯ ಪುಟದಲ್ಲಿ ಮಸಿ ಹರಡಿತ್ತು. ನಾಳೆ ಬಾ ಎಂದೆ. ದುರ್ಗಕ್ಕೆ ಎರಡು ದಿನದ ನಡಿಗೆ. ಕಾಲಾವಕಾಶ ಧಾರಾಳ.

18ನೇ, ಭಾನುವಾರ

ಮಧ್ಯಾಹ್ನ ಹೊರಟಳು. ಒಂದು ಚಿತ್ತು ಕಾಟೂ ಇಲ್ಲದ ನಾಲ್ಕು ಪುಟ.

23ನೇ, ಶುಕ್ರವಾರ

ಗಂಗಕ್ಕ ಮರಳಿದಳು. ಅರ್ಜಿಯೂ ಮರಳಿತು. ಇಪ್ಪತ್ತನೆಯ ತಾರೀಖು, ಕಚೇರಿಯ ಬಾಗಿಲು ತೆರೆಯುವ ಮುನ್ನವೇ ಹೋಗಿ ಕುಳಿತಿದ್ದಳಂತೆ. "ವಾಯಿದೆ ನಿನ್ನೆಗೇ ಮುಗೀತಮ್ಮ" ಎಂದನಂತೆ ಗುಮಾಸ್ತ.

ನಿಘಂಟು ತೆಗೆದೆ. 'ಫೋರ್ಟ್‌ನೈಟ್' — ಹದಿನಾಲ್ಕು ದಿನ.

ಸಂತೆಯಿಂದ ಸಂತೆಗೆ ಎಂಟು ದಿನ ಎನ್ನುತ್ತೇವೆ, ಎರಡು ತುದಿಯನ್ನೂ ಎಣಿಸಿ. ಎರಡು ಸಂತೆಗೆ ಹದಿನೈದು. ಬಾಯಿಮಾತಿನ ಆ ಲೆಕ್ಕವನ್ನೇ ನಾನು... ಆ ದಿನ ಪುಟ ತಿರುವಿ ನೋಡಲೂ ಇಲ್ಲ.

ಅವಳು ಬೈಯಲಿಲ್ಲ. "ನಾನೇ ದಾರಿಯಾಗೆ ದಿನ ತಪ್ಪಿಸ್ಕಂಡೆ ಮೇಷ್ಟ್ರೇ. ಹೊಳಲ್ಕೆರೆಯಾಗೆ ಕಾಲು ನೋವು ಅಂತ ಕುಂತ್ಕಂಡಿದ್ದೆ."

ನಿಘಂಟನ್ನು ಮುಚ್ಚಿಟ್ಟೆ.

2ನೇ ಡಿಸೆಂಬರ್, ಭಾನುವಾರ

ಹಟ್ಟಿಗೆ ಹೋಗಿದ್ದೆ, ಹೇಳಿಬಿಡಲೆಂದೇ. ಕಾವಲಿನ ಸುತ್ತ ಕಲ್ಲುಕಂಬ ನೆಡುತ್ತಿದ್ದಾರೆ. ಮೇವು ಹುಡುಕಿ ಹಟ್ಟಿಯೆಲ್ಲ ಬುಧವಾರ ಧರ್ಮಪುರದ ಕಡೆಗೆ ಹೊರಡುವುದಂತೆ. ಗಂಗಕ್ಕನ ಮೈದುನ ಕಾಟಲಿಂಗಪ್ಪ ಎಲ್ಲರೆದುರು ಕೂಗುತ್ತಿದ್ದ:

"ಒಂದು ಕಾಗದ ಮುಟ್ಸಾಕೆ ಆಗ್ಲಿಲ್ಲ ನಿನ್ ಕೈಲಿ! ಮೇಷ್ಟ್ರು ದಿನ ಎಣ್ಸಿ ಕೊಟ್ರೂ ದಾರಿಯಾಗೆ ನಿದ್ದೆ ಹೊಡೆದೆ. ನಮ್ ಹಿಂಡಿನ ಜೊತೆ ನಿನ್ ಕುರಿ ಬರಂಗಿಲ್ಲ, ಇಲ್ಲೇ ಬಿದ್ದಿರು." ನನ್ನತ್ತ ತಿರುಗಿದ. "ನೀವೇ ಹೇಳ್ರಿ ಮೇಷ್ಟ್ರೇ, ತಪ್ಪು ಯಾರ್ದು?"

ಗಂಗಕ್ಕ ತಲೆ ಎತ್ತಲಿಲ್ಲ. ನನ್ನ ಬಾಯಿಂದ ಬಂದದ್ದು ಇಷ್ಟೇ: "ಆದದ್ದಾಯ್ತು, ಬಿಡಪ್ಪ."

3ನೇ, ಸೋಮವಾರ

'ಗಂಗಕ್ಕನಿಗೆ — ದಿನ ತಪ್ಪಿಸಿದವಳು ನೀನಲ್ಲ.' ಇಷ್ಟು ಬರೆದೆ. ವಾಕ್ಯ ನಿರ್ದುಷ್ಟವಾಗಿದೆ. ಆದರೆ ಹಟ್ಟಿಯಲ್ಲಿ ಓದು ಬಲ್ಲವರಿಲ್ಲ. ಕಾಗದ ತಲುಪಿದರೆ ಓದಿಸಲು ತರುವುದು ನನ್ನಲ್ಲಿಗೇ. ಹರಿದು ಹಾಕಿದೆ.

5ನೇ, ಬುಧವಾರ, ಬೆಳಿಗ್ಗೆ ಏಳು ಗಂಟೆ

ಹಿಂಡುಗಳು ನಮ್ಮ ಬೀದಿಯಲ್ಲೇ ಹಾಯುತ್ತಿವೆ. ಧೂಳು. ಮುಂದೆ ಕಾಟಲಿಂಗಪ್ಪ, ಕಂಬಳಿ ಹೆಗಲಿಗೆ. ಗಂಗಕ್ಕ ಇಲ್ಲ. ಜಗುಲಿಯಿಂದ ಇಳಿದರೆ ಹತ್ತು ಹೆಜ್ಜೆ. ಈಗ ಹೇಳಿದರೂ ಅವಳನ್ನು ಕರೆದುಕೊಳ್ಳುತ್ತಾರೆ. "ಏನ್ರೀ ಅದು, ಇಷ್ಟೊತ್ನಾಗೆ ಬರೀತಾ ಕುಂತ್ರಿ?" ಎನ್ನುತ್ತಿದ್ದಾಳೆ ದಾಕ್ಷಾಯಣಮ್ಮ. ಈ ಸಾಲು ಮುಗಿಸಿ ಏಳುತ್ತೇನೆ. ಕಾಟಲಿಂಗಪ್ಪ ತಿರುವಿನಲ್ಲಿ ಮರೆಯಾದ. ಕೊನೆಯ ಹಿಂಡು ಬಾವಿಯನ್ನು ದಾಟಿ