ನೀವು ಬೈದ ವಕೀಲರನ್ನೇ ಹಿಡಿದೆ

ಅತ್ತೆ,

ಬರೆಯದೆ ಬಿಟ್ಟುಬಿಡೋಣ ಅಂದುಕೊಂಡಿದ್ದ ಮಾತನ್ನೇ ಮೊದಲು ಬರೆಯುತ್ತೇನೆ. ವಿಚ್ಛೇದನದ ಕೇಸಿನಲ್ಲಿ ನಿಮ್ಮನ್ನು ಕೋರ್ಟಿಗೆ ಎಳೆದದ್ದು ವಕೀಲರಲ್ಲ, ನಾನು. ನಿಮ್ಮ ಮಾತು ಬಂದಾಗ ನಿಮ್ಮ ಮಗ ಕಟಕಟೆಯಲ್ಲಿ ನಿಂತು ಅತ್ತ. ನನಗೆ ಸಂತೋಷವಾಯಿತು. ಪಾಪ ಅನ್ನಿಸಲಿಲ್ಲವೇ ಅಂತ ಆಮೇಲೆ ನನ್ನನ್ನೇ ಎಷ್ಟೋ ಸಲ ಕೇಳಿಕೊಂಡೆ. ಇಲ್ಲ, ಅನ್ನಿಸಲಿಲ್ಲ.

ನಿಮ್ಮ ವರ್ಷದ ತಿಥಿಗೆ ಅಕ್ಕಿ ಆರಿಸುತ್ತಾ ಕೂತಿದ್ದೆ. ಕೋರ್ಟಿನ ನೋಟಿಸು ಬಂತು. ಅರ್ಜಿದಾರ ನಿಮ್ಮ ಮಗ ಶೇಖರ. ಮದುವೆಯಾದಾಗಿನಿಂದ ಹೆಂಡತಿಗೆ ಬುದ್ಧಿಭ್ರಮಣೆ, ಆದ್ದರಿಂದ ವಿಚ್ಛೇದನ ಬೇಕು ಅಂತ ಬರೆಸಿದ್ದ. ಅವನಿಗೆ ಬೇರೊಬ್ಬಳಿದ್ದದ್ದು ನಿಮಗೂ ಗೊತ್ತಿತ್ತಲ್ಲ? ನಾನು ಕೇಳಿದೆ, ಕೂಗಾಡಿದೆ, ಒಮ್ಮೆ ಊಟದ ತಟ್ಟೆ ಎಸೆದೆ. ಅವನಿಗೆ ಅಷ್ಟು ಸಾಕಾಯಿತು. ಹುಚ್ಚಿ ಅಂತ ಕೋರ್ಟು ಒಂದು ಸಲ ಬರೆದರೆ ನಮ್ಮ ಸ್ಕೂಲಿನವರು ನನ್ನನ್ನು ಮಕ್ಕಳ ಮುಂದೆ ನಿಲ್ಲಿಸುತ್ತಾರಾ? ನಿಮ್ಮ ಮೊಮ್ಮಗಳು ಅನುವನ್ನು ನನ್ನ ಹತ್ತಿರ ಬಿಡುತ್ತಾರಾ?

ಅರಸೀಕೆರೆಯಲ್ಲಿ ವಕೀಲರಿಗೇನು ಬರ ಅಂದುಕೊಂಡು ಹೊರಟೆ. ಮೊದಲನೆಯವರು ಕಾಫಿ ತರಿಸಿಕೊಟ್ಟು, ನನ್ನ ಮುಖ ನೋಡದೆ ಹೇಳಿದರು: "ನಿಮ್ಮೆಜಮಾನ್ರು ಆಗ್ಲೇ ಬಂದು ಎಲ್ಲಾ ಹೇಳ್ಕೊಂಡು ಹೋಗವ್ರೆ ಮೇಡಂ. ಅವರ ಮಾತು ಕೇಳಿದ ಮೇಲೆ ನಿಮ್ಮ ಪರ ನಿಲ್ಲೋಕಾಗಲ್ಲ." ಎರಡನೆಯವರದೂ ಅದೇ ಮಾತು. ಇನ್ನೊಬ್ಬರು ನಕ್ಕೇಬಿಟ್ಟರು. "ನಿಮ್ಮ ಯಜಮಾನ್ರು ಮದುವೆ ಇನ್ವಿಟೇಷನ್ ಹಂಚ್ದಂಗೆ ಹಂಚವ್ರೆ ಕಣಮ್ಮ, ಬೇಲೂರಿಗೂ ಹೋಗಿದ್ರಂತೆ." ನನಗೆ ಯಾರೂ ಸಿಗಬಾರದು ಅಂತಲೇ ಎಲ್ಲರನ್ನೂ ಕಂಡು ಬಂದಿದ್ದ. ಕೊಬ್ಬರಿ ಮಂಡಿಯಲ್ಲಿ ವ್ಯಾಪಾರ ಕಲಿತವನು. ನಾನು ಇಂಗ್ಲಿಷ್ ಪಾಠ ಮಾಡುವವಳು, ಇಂಥದ್ದನ್ನು ಊಹಿಸುವಷ್ಟು ಬುದ್ಧಿ ಎಲ್ಲಿತ್ತು?

ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತಿದ್ದಾಗ ನಿಮ್ಮ ದನಿ ನೆನಪಾಯಿತು. ಬಟಾಣಿ ಬಿಡಿಸುತ್ತಾ ಬೈಯುತ್ತಿದ್ದಿರಲ್ಲ, "ಆ ಹಳೇಬೀಡಿನ ಲಾಯರು ಪದ್ಮಲತಾ ಐತಲ್ಲ, ಮನೆಹಾಳಿ, ನಿಮ್ಮಾವನ ತಂಗಿಗೆ ತ್ವಾಟದಲ್ಲಿ ಪಾಲು ಕೊಡ್ಸುದ್ಲು. ಅವಳ ಮನೆ ಹೊಸಿಲು ನಮ್ಮನೇರು ಯಾರೂ ತುಳೀಕೂಡ್ದು. ಕೇಳುಸ್ತೇನ್ಲಾ ಶೇಖರ?" "ಇಲ್ಲ ಕಣಮ್ಮ, ತುಳಿಯಲ್ಲ" ಅನ್ನುತ್ತಿದ್ದ. ನಿಮ್ಮ ಮಗ ಬೇರೆ ಯಾರ ಮಾತು ಮೀರಿದರೂ ನಿಮ್ಮ ಮಾತು ಮೀರುವವನಲ್ಲ. ಅವನು ಬಿಟ್ಟಿರಬಹುದಾದ ಹೊಸಿಲು ಅದೊಂದೇ. ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸು ಹತ್ತಿದೆ.

ಪದ್ಮಲತಾ ಅವರ ಮನೆ ಬಸದಿಗೆ ಹೋಗುವ ದಾರಿಯಲ್ಲಿದೆ. ನಾನು ಯಾರ ಸೊಸೆ ಅಂತ ಹೇಳಿದ ತಕ್ಷಣ ಜೋರಾಗಿ ನಕ್ಕರು. "ನಿಮ್ಮತ್ತೆ ಕೋರ್ಟು ಆವರಣದಲ್ಲಿ ನಂಗೆ ಮಣ್ಣು ತೂರಿದ್ರು ಗೊತ್ತಾ? ಒಳ್ಳೆ ಗುರಿ ಇತ್ತು ಕಣ್ರೀ." ಹೊತ್ತು ಮುಳುಗಿದ ಮೇಲೆ ಅವರು ಊಟ ಮಾಡುವುದಿಲ್ಲ, ಹಾಗಾಗಿ ಸಂಜೆ ಬೆಳಕಿರುವಾಗಲೇ ನನಗೂ ತಟ್ಟೆ ಹಾಕಿದರು. ಬೇಡ ಅಂದೆ. "ಉಣ್ಣಿ. ಹಸಿದ ಕಕ್ಷಿದಾರರು ಉತ್ಪ್ರೇಕ್ಷೆ ಮಾಡ್ತಾರೆ."

ಅವರ ಜೊತೆ ಕೆಲಸ ಮಾಡುವುದು ಸುಲಭವಾಗಿರಲಿಲ್ಲ ಅತ್ತೆ. ನಾನು ಮೋಸ, ದ್ರೋಹ, ನರಕ ಅಂತೆಲ್ಲ ಬರೆದುಕೊಂಡು ಹೋದರೆ, ನಾನು ಮಕ್ಕಳ ಕಾಂಪೋಸಿಷನ್ ತಿದ್ದುವ ಹಾಗೆ ಗೀಟು ಹಾಕುತ್ತಿದ್ದರು. "ನಿಮಗೆ ಹೇಗನ್ನಿಸ್ತು ಅನ್ನೋದು ಜಡ್ಜಿಗೆ ಬೇಡ. ಅವರು ಏನಂದ್ರು, ಎಲ್ಲಿ ನಿಂತು ಅಂದ್ರು, ಯಾರು ಕೇಳಿಸ್ಕೊಂಡ್ರು? ತಟ್ಟೆ ಎಸೆದದ್ದೂ ಬರೀರಿ, ಮುಚ್ಚಿಡಬೇಡಿ." ಸಿಟ್ಟು ಬರುತ್ತಿತ್ತು. ನನ್ನ ವಕೀಲರೋ, ಅವನ ವಕೀಲರೋ ಅನ್ನಿಸುತ್ತಿತ್ತು. ಆದರೆ ಹಾಗೆ ಬರೆಯುತ್ತಾ ಬರೆಯುತ್ತಾ ಏನಾಯಿತೆಂದರೆ...

ನಿಮ್ಮ ಕೋಣೆ ನೆನಪಾಯಿತು. ಮಂಚದ ಹತ್ತಿರ ನಿಂತು ಅವನು ಡಾಕ್ಟರ ಮುಂದೆಯೇ "ಇವಳಿಗೆ ತಲೆ ನೆಟ್ಟಗಿಲ್ಲ, ಇವಳ ಮಾತು ಹಿಡ್ಕೋಬೇಡಿ" ಅಂದ. ನಿಮಗೆ ಎಚ್ಚರವಿತ್ತು. ನನ್ನನ್ನು ನೋಡಿದಿರಿ, ಆಮೇಲೆ ಗೋಡೆ ಕಡೆ ತಿರುಗಿ ಕಣ್ಣು ಮುಚ್ಚಿದಿರಿ. ಒಂದೇ ಒಂದು ಮಾತು, "ಸುಮ್ಕಿರ್ಲಾ" ಅಂದಿದ್ದರೆ ಸಾಕಿತ್ತಲ್ಲವಾ? ಮಾರನೇ ಬೆಳಗ್ಗೆ ಇನ್ಸುಲಿನ್ ಹಿಡಿದು ಬಂದೆ. ದಿನದ ಹಾಗೆಯೇ ಸೆರಗು ಸರಿಸಿ ಹೊಟ್ಟೆ ಕೊಟ್ಟಿರಿ. "ಹುಸಾರು ಕಣವ್ವ" ಅಂತ ಕೂಡ ಅನ್ನಲಿಲ್ಲ.

ನಡುವೆ ಅವನು ಹೇಳಿಕಳಿಸಿದ. ಇಬ್ಬರೂ ಒಪ್ಪಿ ಬಿಡುಗಡೆ ತೆಗೆದುಕೊಳ್ಳೋಣ, ಹುಚ್ಚಿನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಅಂತ. "ಒಪ್ಕೊಳ್ಳೋದು ಜಾಣತನ" ಅಂದರು ಪದ್ಮಲತಾ. "ಬೇಗ ಮುಗಿಯುತ್ತೆ. ಕೇಸು ನಡೆಸಿದ್ರೆ ಸೋಲೋದೂ ಉಂಟು, ಮಗಳೂ ಕೈ ತಪ್ಪಬಹುದು. ಯೋಚನೆ ಮಾಡಿ." ಮಾಡಿದೆ. ಅನುವನ್ನು ಪಣಕ್ಕಿಟ್ಟು ಸೇಡು ತೀರಿಸಿಕೊಳ್ಳುವವಳು ನಾನಾ? ಆದರೆ ಊರೆಲ್ಲ ಹರಡಿದ ಮಾತನ್ನು ಅವನು ಸದ್ದಿಲ್ಲದೆ ಜೇಬಿಗೆ ಹಾಕಿಕೊಂಡು ಹೋಗುವುದು ಯಾವ ನ್ಯಾಯ? ಆಗುವುದಿಲ್ಲ ಅಂದೆ. "ಹಾಗಾದ್ರೆ ನಂಗೊಂದು ಪ್ರಶ್ನೆ ಕೊಡಿ. ಹೌದು ಅಂದ್ರೂ ಅವರ ಕೇಸು ಕೆಡಬೇಕು, ಇಲ್ಲ ಅಂದ್ರೂ ಕೆಡಬೇಕು."

ಆಗ ನಿಮ್ಮನ್ನು ಕೊಟ್ಟೆ.

ಕೋರ್ಟು ಹಾಲಿನಲ್ಲಿ ಜನ ಹೆಚ್ಚಿರಲಿಲ್ಲ. ಪದ್ಮಲತಾ ದನಿ ಏರಿಸಲೇ ಇಲ್ಲ, ಕ್ಷೇಮ ವಿಚಾರಿಸುವವರ ಹಾಗೆ ಕೇಳಿದರು.

"ನಿಮ್ಮ ತಾಯಿಗೆ ಕೊನೆಗಾಲದಲ್ಲಿ ದಿನಾ ಇಂಜೆಕ್ಷನ್ ಇತ್ತಲ್ವಾ? ಯಾರು ಹಾಕ್ತಿದ್ರು?"

"ನನ್ನ ಹೆಂಡ್ತಿ."

"ಅರ್ಜೀಲಿ ಬರೆಸಿದ್ದೀರಲ್ಲ, ಬುದ್ಧಿಭ್ರಮಣೆ ಇರೋರು, ಅವರೇನಾ?"

ಅವನು ತನ್ನ ವಕೀಲರ ಕಡೆ ನೋಡಿದ.

"ಆಗ ನೀವೆಲ್ಲಿರ್ತಿದ್ರಿ?"

"ಮಂಡೀಲಿ."

"ಅಂದ್ರೆ ಹೆತ್ತ ತಾಯೀನ ಹುಚ್ಚಿ ಕೈಗೆ, ಸೂಜಿ ಸಮೇತ ಒಪ್ಪಿಸಿ ಕೊಬ್ಬರಿ ತೂಗಿಸೋಕೆ ಹೋಗ್ತಿದ್ರಿ. ಹೌದಾ? ಇಲ್ಲ, ಹುಚ್ಚು ಅನ್ನೋದು ಸುಳ್ಳಾ? ಎರಡರಲ್ಲಿ ಒಂದು ಹೇಳಿ ಸಾಕು."

"ಅಮ್ಮನ ವಿಷಯ ಎತ್ತಬೇಡಿ" ಅಂದ. ಜಡ್ಜು ಉತ್ತರ ಹೇಳಿ ಅಂದರು. ಕಟಕಟೆಯ ಮರ ಹಿಡಿದುಕೊಂಡು ಅಳತೊಡಗಿದ. ಕೊನೆಗೆ, "ಅವಳು ಅಮ್ಮನ್ನ ಚೆನ್ನಾಗೇ ನೋಡ್ಕೊಂಡ್ಳು" ಅಂದ. ಇಪ್ಪತ್ತು ವರ್ಷದ ಸಂಸಾರದಲ್ಲಿ ನನ್ನ ಬಗ್ಗೆ ಅವನು ಆಡಿದ ಒಳ್ಳೆಯ ಮಾತು ಅದೊಂದೇ. ಅದನ್ನೂ ಕೋರ್ಟಿನ ಬಲವಂತದಿಂದ ಹೇಳಿಸಬೇಕಾಯಿತು.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ಅವನ ಅರ್ಜಿ ವಜಾ ಆಯಿತು. ಅದಕ್ಕೆ ಎದುರಾಗಿ ನಾನು ಹಾಕಿದ್ದ ಅರ್ಜಿಯ ಮೇಲೆ ನನಗೆ ವಿಚ್ಛೇದನ ಸಿಕ್ಕಿತು. ನೆಟ್ಟಗಿರುವ ಹೆಂಡತಿಗೆ ಹುಚ್ಚಿನ ಪಟ್ಟ ಕಟ್ಟಿದ್ದೇ ಕ್ರೌರ್ಯ ಅಂತ ತೀರ್ಪಿನಲ್ಲಿದೆ. ಅನು ನನ್ನ ಜೊತೆಗಿದ್ದಾಳೆ. ಹಳೇಬೀಡಿನಲ್ಲೇ ಬಾಡಿಗೆ ಮನೆ ಮಾಡಿದ್ದೇನೆ, ಸ್ಕೂಲಿಗೆ ಬಸ್ಸಿನಲ್ಲಿ ಓಡಾಡುತ್ತೇನೆ.

ನಿಮ್ಮ ಹೆಸರಿಗೆ ಬರುವ ಟಪಾಲನ್ನು ಇವತ್ತಿಗೂ ಅವನೇ ಒಡೆಯುತ್ತಾನೆ, ದೇವರ ಮುಂದಿಟ್ಟು ಆಮೇಲೆ ಓದುತ್ತಾನೆ. ಇದನ್ನೂ ಓದಲಿ. ಅಮ್ಮ ತನ್ನ ಕಡೆಗೇ ಇದ್ದಳು ಅಂತ ಅವನು ನಂಬಿದ್ದಾನೆ. ಅವನು ನನ್ನನ್ನು ಹುಚ್ಚಿ ಅಂದ ಮಾರನೇ ದಿನವೂ ನೀವು ಹೆದರದೆ ನನ್ನ ಸೂಜಿಗೆ ಮೈಯೊಡ್ಡಿದ್ದಿರಿ ಅನ್ನುವುದು ಅವನಿಗೆ ಗೊತ್ತಾಗಲಿ. ಅವನ ಮಾತನ್ನು ನೀವೂ ನಂಬಿರಲಿಲ್ಲ. ಇದು ಅತಿಯಾಯಿತಾ ಅತ್ತೆ? ಆಗಿರಬಹುದು. ಅಪೀಲಿನ ಗಡುವು ಮುಗಿಯುವವರೆಗೆ ಅವನಿಗೆ ಒಂದಕ್ಷರವನ್ನೂ ಕಳಿಸಕೂಡದು ಅಂತ ಪದ್ಮಲತಾ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಗಡುವು ಜುಲೈ ಹದಿನಾಲ್ಕಕ್ಕೆ ಮುಗಿಯುತ್ತದೆ. ಲಕೋಟೆಯ ಮೇಲೆ ನಿಮ್ಮ ಹೆಸರು, ಅರಸೀಕೆರೆಯ ವಿಳಾಸ ಬರೆದಾಗಿದೆ. ಪೋಸ್ಟ್ ಮಾಡುವುದು ಜುಲೈ ಹದಿನೈದಕ್ಕೆ.