ಲಿಂಗಪೂಜೆಯಿಲ್ಲದೆ ಅವ್ವ ಉಣ್ಣುವುದಿಲ್ಲ

೧೨ ಮಾರ್ಚ್ ೧೯೫೬, ಸೋಮವಾರ. ಗುಂಡ್ಲುಪೇಟೆ.

ಚಾಮರಾಜನಗರದಲ್ಲಿ ಅವ್ವನನ್ನು ನೋಡಿಕೊಂಡು ಈಗ ಬಂದೆ. ತಲೆ ಮಂಕಾದ ಮುದುಕರನ್ನು ಇಟ್ಟುಕೊಳ್ಳುವ ಆ ಆಸ್ಪತ್ರೆಯಲ್ಲಿ ಅವ್ವನ ಕೊರಳಿನ ಲಿಂಗ ತೆಗೆದಿಟ್ಟಿದ್ದಾರೆ. ಲಿಂಗಪೂಜೆ ಆಗದೆ ಅವ್ವ ಒಂದು ದಿನವೂ ತುತ್ತೆತ್ತಿದವಳಲ್ಲ. ನನ್ನ ಹೆಸರು ಮರೆತಿದ್ದಾಳೆ, ಅದನ್ನು ಮರೆತಿಲ್ಲ. ಶುಕ್ರವಾರದಿಂದ ಬರೀ ನೀರು ಕುಡಿದುಕೊಂಡಿದ್ದಾಳೆ.

"ಲಿಂಗದ್ ದಾರ ಕುತ್ಗೆಗೆ ಬಿಗ್ಕಂಡ್ರೆ ನನ್ ತಲೆಗೆ ಬತ್ತದೆ ಕಣವ್ವ," ಅಂದಳು ಆಯಾ ಮೂಗಮ್ಮ. ಅವಳನ್ನು ಬೈದು ಏನು ಬಂತು.

ಇವತ್ತು ಸರ್ಕಾರದಿಂದ ತಪಾಸಣೆಗೆ ಸಾಹೇಬರೊಬ್ಬರು ಬಂದಿದ್ದರು. ಹಣೆ ತುಂಬ ವಿಭೂತಿ. ನಮ್ಮವರೇ, ಇವರಿಗಾದರೂ ತಿಳಿಯುತ್ತದೆ ಅಂದುಕೊಂಡೆ. ಗೋಡೆಗೆ ಸುಣ್ಣ ಹೊಡೆದದ್ದು ನೋಡಿದರು, ಅನ್ನದ ಹಂಡೆಯ ಮುಚ್ಚಳ ತೆಗೆಸಿ ಮೂಸಿದರು. ಅವ್ವ ಮುಟ್ಟದ ತಟ್ಟೆ ನೋಡಿ, "ವಯಸ್ಸಾದೋರ ಹಟ ಕಣಮ್ಮ, ಹುಚ್ಚು ಜಾಸ್ತಿಯಾಗಿದೆ," ಅಂದರು.

ನನಗೆ ಎಲ್ಲಿಂದ ಧೈರ್ಯ ಬಂತೋ. "ಸ್ವಾಮಿ, ತಾವು ಬೆಳಿಗ್ಗೆ ಪೂಜೆ ಮಾಡ್ದೆ ಉಂಡ್ಬಂದ್ರಾ?" ಅಂದುಬಿಟ್ಟೆ. ಮುಖ ಕೆಂಪಗೆ ಮಾಡಿಕೊಂಡು ಕಕ್ಕಸು ನೋಡುವುದಕ್ಕೆ ಹೊರಟುಹೋದರು.

ಬಸ್ಸಿನಲ್ಲಿ ಬರುವಾಗ ಹೊಳೆಯಿತು. ದಾರ ಬೇಡವೇ ಬೇಡ. ಪೂಜೆಯ ಹೊತ್ತಿಗೆ ಲಿಂಗವಿರುವ ಕರಡಿಗೆಯನ್ನು ಅವ್ವನ ಕೈಗೆ ಕೊಟ್ಟು, ಪೂಜೆ ಆದಮೇಲೆ ಮೂಗಮ್ಮನೇ ತೆಗೆದಿಡಲಿ. ಇದನ್ನು ಹೇಳುವುದಕ್ಕೂ ನಾನೇ ಬೇಕೆ? ಸರ್ಕಾರ ಆತನನ್ನು ಕಳಿಸಿದ್ದು ಸುಣ್ಣ ನೋಡುವುದಕ್ಕೋ, ಮನುಷ್ಯರನ್ನು ನೋಡುವುದಕ್ಕೋ?

ನಾಳೆ ಮೊದಲ ಬಸ್ಸಿಗೇ ಹೋಗಿ ಹೇಳಬೇಕು. ನನ್ನ ಮಾತಿನ ಸಿಟ್ಟನ್ನು ಆ ಸಾಹೇಬರು ಅವ್ವನ ಮೇಲೆ ತೀರಿಸಿಕೊಂಡರೆ? ಈ ಹೊತ್ತೂ ಅವಳು ಉಂಡಿರುವುದಿಲ್ಲ. ನಾನು ಮಾತ್ರ ಉಂಡು ಕೂತು ಇದನ್ನು ಬರೆಯುತ್ತಿದ್ದೇನೆ.